ನಲವತ್ತು ಕಿಲೋ ಸೀಸದ ಹೇಳಿಕೆ

ನಾನು ಒಂದು ಸೀಸದ ಹಲಗೆ. ಉದ್ದ ಒಂದೂವರೆ ಅಡಿ, ಅಗಲ ಒಂದಡಿಗಿಂತ ಚೂರು ಹೆಚ್ಚು, ತೂಕ ನಲವತ್ತು ಕಿಲೋ. ಬೋಲ್ಟ್ ಹಾಕಿ ಬಿಗಿಯಲು ನಾಲ್ಕು ಮೂಲೆಗೆ ನಾಲ್ಕು ಕಿವಿಗಳು.

ಪೀಣ್ಯದ ಒಂದು ತಗಡಿನ ಶೆಡ್ಡಿನಲ್ಲಿ ಸತ್ತ ಬ್ಯಾಟರಿಗಳನ್ನು ಕರಗಿಸಿ ನನ್ನನ್ನು ಎರಕ ಹೊಯ್ದರು. ಹೊಯ್ದವಳ ಮೂಗಿಗೆ ಸೆರಗೊಂದೇ ರಕ್ಷಣೆ. ಕೆಮ್ಮುತ್ತಲೇ ಕೇಳಿದಳು: "ಇದ್ನ ಎಲ್ಲಿಗೆ ಹಾಕ್ತಾರಣ್ಣ?"

"ರೇಸ್ ಕಾರಿಗೆ ಕಣಮ್ಮ. ಅದು ಜೋರಾಗಿ ಓಡಬಾರ್ದು ಅಂತ."

"ಜೋರಾಗಿ ಓಡಬಾರ್ದು ಅಂದ್ರೆ ರೇಸ್ ಯಾಕ್ ಮಾಡ್ತಾರೆ?"

ಮೇಸ್ತ್ರಿ ನಕ್ಕ. ಅಚ್ಚು ಪೂರ್ತಿ ತಣಿಯುವ ಮುಂಚೆಯೇ ನನ್ನನ್ನು ಕಿತ್ತು ತೆಗೆದರು. ಸಂಜೆಯೊಳಗೆ ಲೋಡ್ ಹೋಗಬೇಕಿತ್ತು. ಹಾಗೆ ಕೀಳುವಾಗ ಹಿಂದಿನ ಎಡ ಕಿವಿಯ ಬುಡದಲ್ಲಿ ಕೂದಲೆಳೆಯಂಥ ಬಿರುಕು ಬಿತ್ತು. ಅದನ್ನು ಯಾರೂ ನೋಡಲಿಲ್ಲ.

ತುಮಕೂರು ದಾಟಿ ಸಿರಾ ಕಡೆ ಹೋಗುವ ಹೆದ್ದಾರಿಯ ಪಕ್ಕ, ದನ ಮೇಯುತ್ತಿದ್ದ ಬಯಲಿಗೆ ಡಾಂಬರು ಬಳಿದು ಮಾಡಿದ ಟ್ರ್ಯಾಕಿಗೆ ನಾನು ಬಂದೆ. ಅಲ್ಲಿ ವರ್ಷಕ್ಕೊಮ್ಮೆ ಆರು ಗಂಟೆಗಳ ರೇಸು. ಬೆಳಿಗ್ಗೆ ಒಂಬತ್ತಕ್ಕೆ ಶುರು, ಮಧ್ಯಾಹ್ನ ಮೂರಕ್ಕೆ ಮುಗಿತಾಯ. ಒಂದು ಕಾರಿಗೆ ಇಬ್ಬರು ಚಾಲಕರು. ಕಾರುಗಳು ಬೇರೆ ಬೇರೆ, ಎಂಜಿನ್ನುಗಳು ಬೇರೆ ಬೇರೆ. ಒಂದೇ ತರಗತಿಯಲ್ಲಿ ಎಲ್ಲವೂ ಸರಿಸಮಾನವಾಗಿ ಓಡಲಿ ಎಂದು ಹೆಚ್ಚು ವೇಗದ ಕಾರಿಗೆ ತೂಕ ಹೇರುತ್ತಾರೆ. ಆ ತೂಕ ನಾನು. ಇದಕ್ಕೆ ಅವರು ಇಟ್ಟ ಹೆಸರು ಸಮತೋಲ.

ಮೊದಲ ವರ್ಷಗಳಲ್ಲಿ ನನಗೆ ಮರ್ಯಾದೆಯಿತ್ತು. ಈ ವರ್ಷ ಗೆದ್ದವರ ಕಾರಿಗೆ ಮುಂದಿನ ವರ್ಷ ನಾನು. ಮಂಗಳೂರಿನ ಒಬ್ಬ ಹಲ್ಲಿನ ಡಾಕ್ಟರು ನನ್ನನ್ನು ಕರ್ಚೀಫಿನಿಂದ ಒರೆಸಿ, ಚಾಲಕನ ಪಕ್ಕದ ನೆಲಕ್ಕೆ ಬಿಗಿಸಿಕೊಂಡು, "ನನ್ನ ಹೆಂಡತಿಗಿಂತ ಇದೇ ಹತ್ತಿರ ಕೂತಿದೆ ಮಾರಾಯ್ರೇ" ಅಂದಿದ್ದರು. ನೆಲದಲ್ಲಿ ಮಲಗಿದವನಿಗೆ ಕಾಣುವುದು ಪಾದಗಳು ಮಾತ್ರ. ಡಾಕ್ಟರ ಪಾದ, ಆಮೇಲೆ ಒಬ್ಬ ಕಾಫಿ ಪ್ಲಾಂಟರನ ಪಾದ, ಆಮೇಲೆ ಕೊಯಮತ್ತೂರಿನ ಅಣ್ಣತಮ್ಮಂದಿರ ಪಾದಗಳು. ನನ್ನನ್ನು ಹೊತ್ತವರು ನನ್ನ ಮೇಲೆ ಸಿಟ್ಟಾಗಲಿಲ್ಲ. ಎಲ್ಲರಿಗೂ ಸರದಿ ಬರುತ್ತಿತ್ತಲ್ಲ!

ಆಮೇಲೆ ಕಂಪನಿಗಳು ಬಂದವು. ಕಾರು ತಯಾರಿಸುವ ಎರಡು ದೊಡ್ಡ ಕಂಪನಿಗಳು, ತಲಾ ಎರಡೆರಡು ಕಾರು, ಎಸಿ ಹಾಕಿದ ಡೇರೆ. ಕಂಪನಿ ಬಂದರೆ ಟೀವಿ ಬರುತ್ತದೆ, ಟೀವಿ ಬಂದರೆ ಜನ ಬರುತ್ತಾರೆ ಎಂದು ರೇಸ್ ನಡೆಸುವ ಕ್ಲಬ್ಬಿನವರು ನಡು ಬಗ್ಗಿಸಿದರು. ಬಗ್ಗಿದ ನಡು ಮತ್ತೆ ನೆಟ್ಟಗಾಗಲಿಲ್ಲ. ಗೆದ್ದವರಿಗೆ ತೂಕ ಎಂಬ ನಿಯಮ ಹೋಯಿತು. ರೇಸಿನ ಮೂರು ದಿನ ಮುಂಚೆ, ಗುರುವಾರ, ಎಲ್ಲರ ವೇಗ ಅಳೆಯುವುದು. ಅಂದು ಯಾರು ಜೋರೋ ಅವರಿಗೆ ತೂಕ ಎಂದಾಯಿತು. ಕಂಪನಿಯ ಚಾಲಕರು ಗುರುವಾರ ಮದುವೆ ದಿಬ್ಬಣದ ಹಾಗೆ ಓಡಿಸತೊಡಗಿದರು. ಭಾನುವಾರ ಅದೇ ಕಾರು ಗುಂಡಿನಂತೆ ಹಾರುತ್ತಿತ್ತು. ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಆ ನಾಲ್ಕು ಕಾರುಗಳ ನೆಲ ಹೇಗಿರುತ್ತದೆಂದು ನಾನು ಇಂದಿಗೂ ಕಂಡಿಲ್ಲ.

ಹೀಗೆ ನಡೆಯುತ್ತಿರುವಾಗ ಒಂದು ವರ್ಷ ಹೊಸ ಸುತ್ತೋಲೆ ಬಂತು. ಮುಂದಿನ ವರ್ಷದಿಂದ ಈ ತರಗತಿ ತಯಾರಕರಿಗೆ ಮಾತ್ರ. ಕಂಪನಿಯ ಬೆಂಬಲವಿಲ್ಲದೆ ಸ್ವಂತ ಕಾರು ತರುವ ಖಾಸಗಿಯವರಲ್ಲಿ ಈ ಸಲ ಮೊದಲ ಮೂರರೊಳಗೆ ಬಂದವರಿಗೆ ಮಾತ್ರ ಜಾಗ ಉಳಿಯುತ್ತದೆ, ಉಳಿದವರು ಮನೆಗೆ.

ಅದೇ ವರ್ಷ ಹುಬ್ಬಳ್ಳಿಯ ಕಾರು ಬಂತು. ನಂಬರ್ ಇಪ್ಪತ್ತೇಳು. ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಗ್ಯಾರೇಜಿಟ್ಟಿದ್ದ ದಸ್ತಗೀರಸಾಬ ನದಾಫರು ಕಬ್ಬಿಣದ ಪೈಪು ಬಗ್ಗಿಸಿ, ಬೆಸೆದು, ಹಳೆಯ ಎಂಜಿನ್ನೊಂದನ್ನು ಬಿಚ್ಚಿ ಮತ್ತೆ ಕಟ್ಟಿ, ನಾಲ್ಕು ವರ್ಷ ಕೂತು ಮಾಡಿದ ಕಾರು. ಐವತ್ತು ದಾಟಿದ ಅವರೇ ಒಬ್ಬ ಚಾಲಕ. ಇನ್ನೊಬ್ಬಳು ಶಾಲ್ಮಲಾ ಹೊಂಗಲ, ಅದೇ ಗ್ಯಾರೇಜಿನಲ್ಲಿ ಲೇಥ್ ನಡೆಸುತ್ತಿದ್ದವಳು. ಇಪ್ಪತ್ತಾರು ವಯಸ್ಸು. ಬೇರೆ ಯಾವ ತಂಡವೂ ಅವಳಿಗೆ ಸೀಟು ಕೊಟ್ಟಿರಲಿಲ್ಲ. ಈ ಕಾರಿಗೆ ಜಾಗ ಉಳಿದರೆ ಅವಳು ಚಾಲಕಿ, ಇಲ್ಲದಿದ್ದರೆ ಇಲ್ಲ.

ಗುರುವಾರ ವಸಾಹತಿನ ಮೂವತ್ತೆಂಟು ಮಂದಿ ಒಂದು ಬಸ್ಸು ಮಾಡಿಕೊಂಡು ಬಂದರು. ವೆಲ್ಡರುಗಳು, ಫಿಟ್ಟರುಗಳು, ಪೇಂಟರುಗಳು, ರೊಟ್ಟಿಯ ಗಂಟು ಹೊತ್ತ ಹೆಂಗಸರು. ಭಾನುವಾರ ಬರೋಣವೆಂದರೆ ಟಿಕೆಟ್ಟು ಕೈಗೆಟುಕುವುದಿಲ್ಲ, ಗುರುವಾರ ಬಿಟ್ಟಿ. ಅಷ್ಟು ಜನರ ಮುಂದೆ ದಸ್ತಗೀರಸಾಬರು ಗುರುವಾರದ ಗುಟ್ಟನ್ನು ಮರೆತರು. ಮರೆತರೋ, ಬೇಕೆಂದೇ ತಳ್ಳಿಹಾಕಿದರೋ.

"ಸ್ವಲ್ಪ ಸಾವಕಾಶ ಓಡಸ್ಲೇನು ಕಾಕಾ?" ಎಂದು ಶಾಲ್ಮಲಾ ಕೇಳಿದಳು. "ಎಲ್ಲಾರೂ ಇವತ್ತ ಹಂಗ ಮಾಡ್ತಾರಂತ."

"ಮಂದಿ ರೊಟ್ಟಿ ಕಟಗೊಂಡು ನೋಡಾಕ ಬಂದಾರ ಮಗಳ. ಅವರ ಮುಂದ ಕುಂಟೂದೇನ? ಗಾಡಿ ಎಷ್ಟ ಓಡ್ತದೋ ಅಷ್ಟ ಓಡಸು."

ಅವಳು ಓಡಿಸಿದಳು. ತರಗತಿಯಲ್ಲೇ ಎಲ್ಲಕ್ಕಿಂತ ವೇಗದ ಸುತ್ತು. ಮೂವತ್ತೆಂಟು ಮಂದಿ ಕುಣಿದರು, ಪೇಢೆ ಹಂಚಿದರು, ಕಂಪನಿಯ ಡೇರೆಗೂ ಒಂದು ಡಬ್ಬಿ ಕಳಿಸಿದರು. ಕೈಗೆ ಬರುವ ಕೆಲಸವನ್ನು ಕಡಿಮೆ ಮಾಡಿ ತೋರಿಸುವುದು ಆ ಜನಕ್ಕೆ ಗೊತ್ತೇ ಇರಲಿಲ್ಲ. ಸಂಜೆ ಫಲಕದ ಮೇಲೆ ಪಟ್ಟಿ ಅಂಟಿಸಿದರು: ಕಂಪನಿಯ ನಾಲ್ಕು ಕಾರುಗಳಿಗೆ ಸೊನ್ನೆ, ಇಪ್ಪತ್ತೇಳಕ್ಕೆ ನಲವತ್ತು ಕಿಲೋ.

ನನ್ನನ್ನು ಕೊಡಲು ಬಂದವರು ಕ್ಲಬ್ಬಿನ ಪರೀಕ್ಷಕ ಚಂದ್ರಚೂಡ, ಮೈಸೂರಿನವರು. ಕಾರುಗಳ ತೂಕ, ಅಳತೆ ನೋಡಿ ಸಹಿ ಹಾಕುವುದು ಅವರ ಕೆಲಸ. ಬೋಲ್ಟ್ ಬಿಗಿದ ಮೇಲೆ ತಂತಿ ಸುತ್ತಿ ಮೊಹರು ಹಾಕುವಾಗ ಅವರ ಹೆಬ್ಬೆರಳು ನನ್ನ ಬಿರುಕಿನ ಮೇಲೆ ನಿಂತಿತು. ಒಮ್ಮೆ ಸವರಿ ನೋಡಿದರು.

"ಏನಾರ ಐತೇನ್ರಿ ಸಾಹೇಬ್ರ?" ಎಂದರು ದಸ್ತಗೀರಸಾಬ.

"ಏನಿಲ್ಲ, ಏನಿಲ್ಲ. ಇನ್ನೂ ಮೂರು ಬೋಲ್ಟ್ ಇದ್ಯಲ್ಲ."

ಬೇರೆ ಹಲಗೆ ತರಿಸಲು ಅರ್ಜಿ ಬೇಕು, ಅರ್ಜಿಗೆ ಕಾರಣ ಬೇಕು, ಕಾರಣ ಬರೆದರೆ ತಪ್ಪು ಕ್ಲಬ್ಬಿನದಾಗುತ್ತದೆ. ಅವರು ಮೊಹರು ಒತ್ತಿ ಎದ್ದರು.

ಭಾನುವಾರ ನಾನು ಶಾಲ್ಮಲಾಳ ಎಡಗಾಲಿನ ಪಕ್ಕ ಮಲಗಿದ್ದೆ. ನನ್ನ ಬಗ್ಗೆ ನಾನು ಸುಳ್ಳು ಹೇಳಲಾರೆ. ಪ್ರತಿ ತಿರುವಿನಲ್ಲೂ ಕಾರನ್ನು ಹೊರಕ್ಕೆ ಎಳೆದವನು ನಾನೇ. ಬ್ರೇಕು ಕಾಯಿಸಿದವನು, ಟೈರು ಸವೆಸಿದವನು ನಾನೇ. ಅವಳು ಹಲ್ಲು ಕಚ್ಚಿ ನನ್ನನ್ನು ಹೊತ್ತಳು. ನಡುವಿನ ಎರಡು ಗಂಟೆ ದಸ್ತಗೀರಸಾಬರು ಹೊತ್ತರು. ಐದನೆಯ ಗಂಟೆಯ ಹೊತ್ತಿಗೆ ಕಾರು ನಾಲ್ಕನೆಯ ಸ್ಥಾನದಲ್ಲಿತ್ತು, ಮತ್ತೆ ಶಾಲ್ಮಲಾ ಕೂತಿದ್ದಳು. ಆಗ ನನ್ನ ಹಿಂದಿನ ಎಡ ಕಿವಿ ಮುರಿಯಿತು.

ಆರುನೂರು ಗ್ರಾಮಿನ ತುಂಡು. ಕಾರು ನಿಧಾನವಾದಾಗಲೆಲ್ಲ ಅದು ನೆಲದ ಮೇಲೆ ಮುಂದಕ್ಕೆ ಜಾರುತ್ತ, ಬ್ರೇಕಿನ ಪೆಡಲಿನ ಕಡೆ ಹೋಗುತ್ತಿತ್ತು. ಮೂರು ಸಲ ಅವಳು ಹಿಮ್ಮಡಿಯಿಂದ ಒದ್ದು ಪಕ್ಕಕ್ಕೆ ತಳ್ಳಿದಳು. ಪೆಟ್ರೋಲಿಗೆ ನಿಂತಾಗ ಕೂಗಿದಳು: "ಕಾಕಾ, ಕಾಲಾಗ ಏನೋ ಬಂದೇತಿ! ಬ್ರೇಕಿನ ಬುಡಕ್ಕ ಸಿಕ್ಕರ ನನ್ನ ಕತಿ ಮುಗೀತು!"

ದಸ್ತಗೀರಸಾಬರು ಬಾಗಿಲು ತೆಗೆದು, ಕೈ ಹಾಕಿ, ತುಂಡನ್ನು ಎತ್ತಿ ಅಂಗಿಯ ಜೇಬಿಗೆ ಇಳಿಸಿದರು. ಮೂವತ್ತು ವರ್ಷದ ಅಭ್ಯಾಸ. ಬಿದ್ದ ನಟ್ಟು ಜೇಬಿಗೆ, ಮುರಿದ ಚೂರು ಜೇಬಿಗೆ, ಗಿರಾಕಿಯ ಒಂದು ವಾಷರೂ ಕಳೆಯಬಾರದು. ಉಳಿದ ಮೂರು ಬೋಲ್ಟನ್ನು ಅಲುಗಿಸಿ ನೋಡಿ, "ಗಟ್ಟಿ ಅದಾವ, ನಡಿ!" ಎಂದರು.

ನಾಲ್ಕು ಸುತ್ತು ಉಳಿದಿರುವಾಗ ಅವಳು ಕಂಪನಿಯ ಒಂದು ಕಾರನ್ನು ಹಿಂದೆ ಹಾಕಿದಳು. ಮೂರನೆಯ ಸ್ಥಾನ. ಕಾರಿನೊಳಗೆ ಯಾರಿಗೂ ಕೇಳಿಸದ ಜಾಗದಲ್ಲಿ ಅವಳು ಅತ್ತದ್ದು ನನಗೆ ಕೇಳಿಸಿತು.

ರೇಸು ಮುಗಿದ ಮೇಲೆ ಮೊದಲ ಮೂರು ಕಾರುಗಳನ್ನು ತೂಗುತ್ತಾರೆ. ಇಪ್ಪತ್ತೇಳು ತಕ್ಕಡಿ ಏರಿತು. ನಾನೂರ ಹತ್ತು ಗ್ರಾಂ ಕಡಿಮೆ.

ದಸ್ತಗೀರಸಾಬರ ಕೈ ತಾನಾಗಿ ಜೇಬಿಗೆ ಹೋಯಿತು. "ಇಲ್ಲೇ ಐತ್ರಿ! ನಿಮ್ಮ ಸೀಸದ್ದ ತುಂಡು, ನೀವ ಮೊಹರ ಹಾಕಿದ್ದು. ಹಾಕಿ ನೋಡ್ರಿ." ತುಂಡನ್ನು ಸೀಟಿನ ಮೇಲಿಟ್ಟರು. ತಕ್ಕಡಿಯ ಅಂಕಿ ಏರಿ, ಬೇಕಾದದ್ದಕ್ಕಿಂತ ಒಂದಿಷ್ಟು ಹೆಚ್ಚೇ ತೋರಿಸಿತು.

ಚಂದ್ರಚೂಡ ಆ ಅಂಕಿಯನ್ನು ನೋಡಲಿಲ್ಲ. "ರೇಸ್ ಮುಗಿಯೋವಾಗ ಕಾರಿನೊಳಗೆ ಇದ್ದಿದ್ದನ್ನ ಮಾತ್ರ ತೂಗ್ಬೇಕು ಯಜಮಾನ್ರೇ. ಜೇಬಲ್ಲಿದ್ದಿದ್ದು ಲೆಕ್ಕಕ್ಕಿಲ್ಲ."

"ಬ್ರೇಕಿನ ಬುಡಕ ಬಿಡಬೇಕಾಗಿತ್ತೇನ್ರಿ ಮತ್ತ? ಹುಡುಗಿ ಸಾಯಲಿ ಅಂತ?"

"ನಾನೇನ್ ಮಾಡ್ಲಿ ಹೇಳಿ. ನಿಯಮ ನಾನು ಬರೆದಿದ್ದಲ್ಲ."

ಕಾರನ್ನು ಅನರ್ಹಗೊಳಿಸಿದರು. ಮೇಲ್ಮನವಿಗೆ ಅರ್ಧ ಗಂಟೆ ಸಮಯವಿತ್ತು. ಆ ಅರ್ಧ ಗಂಟೆಯಲ್ಲಿ, ಶಾಲ್ಮಲಾ ಹಿಂದೆ ಹಾಕಿದ್ದ ಕಾರಿನ ಕಂಪನಿಯ ಮ್ಯಾನೇಜರ್ ಪ್ರಾಣೇಶ್ ಬಂದ. ಅವನ ಬೂಟಿನ ಮೇಲೆ ಧೂಳೇ ಇರಲಿಲ್ಲ. ಬಾಗಿಲು ತೆರೆದ ಕಾರಿನ ಪಕ್ಕ ನಿಂತು ಹೇಳಿದ್ದೆಲ್ಲ ನಾನು ಕೇಳಿಸಿಕೊಂಡೆ.

"ಮೇಡಂ, ಸೂಪರ್ ಡ್ರೈವಿಂಗು. ನೆಕ್ಸ್ಟ್ ಇಯರ್ ನಮ್ಮ ಕಾರಲ್ಲಿ ಕೂತ್ಕೊಳ್ಳಿ. ನಮಗೂ ಒಬ್ಬ ಲೇಡಿ ಬೇಕು, ಪೋಸ್ಟರ್‌ಗೂ ಚೆನ್ನಾಗಿರತ್ತೆ. ಈ ಅಪೀಲು ಗಿಪೀಲು ಎಲ್ಲ ಬೇಡ. ಸುಮ್ನೆ ಒಂದು ಸೈನ್ ಹಾಕ್ಬಿಡಿ, ರಿಸಲ್ಟ್ ಒಪ್ಕೊಂಡೆ ಅಂತ."

ಅಷ್ಟು ಹೇಳಿ ಅವನು ಎಸಿ ಡೇರೆಗೆ ಹಿಂದಿರುಗಿದ.

"ಹೋಗವಾ," ಎಂದರು ದಸ್ತಗೀರಸಾಬ. "ನನ್ನ ಗಾಡಿ ಹೋದ್ರ ಹೋಗ್ಲಿ. ನೀ ಓಡಸೂದು ನಿಲ್ಲಬಾರದು."

"ಸೈನ್ ಮಾಡಿದ್ರ ನೀವು ಕಳ್ಳತೂಕ ಮಾಡೀರಿ ಅಂತ ನಾನ ಬರಕೊಟ್ಟಂಗ ಆಗ್ತದ ಕಾಕಾ."

"ಮಂದಿ ಎರಡ ದಿನ ಅಂತಾರ. ಆಮ್ಯಾಲ ಮರೀತಾರ."

"ನಾ ಮರಿಯಂಗಿಲ್ಲಲ್ಲ."

ಅವಳು ಮೇಲ್ಮನವಿ ಬರೆದಳು. ಹಲಗೆ ಕ್ಲಬ್ಬಿನದು, ಬಿರುಕು ಹಳೆಯದು, ಮುರಿದ ತುಂಡು ಬ್ರೇಕಿಗೆ ಅಡ್ಡ ಬಂತು. ಮೂರೇ ಸಾಲು. ನನ್ನನ್ನು ಕಾರಿನಿಂದ ಬಿಚ್ಚಿ, ಉಳಿದ ಒಂದು ಕಿವಿಗೆ 'ಸಾಕ್ಷಿ' ಎಂಬ ಚೀಟಿ ಕಟ್ಟಿ, ಸಮಿತಿಯ ಮೇಜಿನ ಮೇಲಿಟ್ಟರು. ಸಮಿತಿಯಲ್ಲಿ ಮೂವರು. ನಾನು ಬಾಯಿಲ್ಲದ ಸಾಕ್ಷಿ. ಮುರಿದ ಜಾಗದಲ್ಲಿ ಅರ್ಧ ಭಾಗ ಮಾಸಿತ್ತು, ಅರ್ಧ ಭಾಗ ಹೊಸದಾಗಿ ಹೊಳೆಯುತ್ತಿತ್ತು. ಮಾಸಿದ ಅರ್ಧವೇ ಹಳೆಯ ಬಿರುಕು. ಕಣ್ಣಿದ್ದವರಿಗೆ ಅಷ್ಟೇ ಸಾಕಿತ್ತು.

ಚಂದ್ರಚೂಡರನ್ನು ಕರೆಸಿದರು. ಅವರು ನನ್ನನ್ನೂ, ಶಾಲ್ಮಲಾಳನ್ನೂ ಒಮ್ಮೆ ನೋಡಿ ಕೊನೆಗೆ ಹೇಳಿದರು: "ಬಿರುಕಿತ್ತು ಸಾರ್. ಗುರುವಾರವೇ ನೋಡಿದ್ದೆ. ನಾನು ಬಾಯಿ ಮುಚ್ಕೊಂಡೆ. ತಪ್ಪು ನಂದು."

ಇಷ್ಟು ಹೇಳಲು ಅವರಿಗೆ ಎಷ್ಟು ಕಷ್ಟವಾಯಿತೆಂದು ನಾನು ಬಲ್ಲೆ. ಗುರುವಾರ ನನ್ನ ಬಿರುಕಿನ ಮೇಲೆ ನಿಂತಿದ್ದ ಹೆಬ್ಬೆರಳು ಮತ್ತೆ ಅಲ್ಲೇ ಬಂದು ನಿಂತಿತ್ತು. ಸಮಿತಿ ಆ ಹೇಳಿಕೆಯನ್ನು ದಾಖಲಿಸಿಕೊಂಡಿತು. ಅಧ್ಯಕ್ಷರು ಕನ್ನಡಕ ತೆಗೆದು, ನಿಯಮದಲ್ಲಿ ಬಿರುಕಿನ ಮಾತಿಲ್ಲ, ತಕ್ಕಡಿಯ ಮಾತು ಮಾತ್ರ ಇದೆ ಎಂದರು. ಫಲಿತಾಂಶ ಬದಲಾಗಲಿಲ್ಲ. ಕಂಪನಿಯ ಕಾರು ಮೂರನೆಯದಾಯಿತು. ಚಂದ್ರಚೂಡರನ್ನು ಆ ಕೆಲಸದಿಂದ ತೆಗೆದರು. ಪೋಸ್ಟರಿನ ಸೀಟು ಬೇರೆ ಯಾರಿಗೋ ಹೋಯಿತು.

ಅಂದಿನಿಂದ ನಾನು ಕ್ಲಬ್ಬಿನ ಕಚೇರಿಯ ಕಪಾಟಿನ ತಳದಲ್ಲಿದ್ದೇನೆ. ಬಣ್ಣಗೆಟ್ಟಿದ್ದೇನೆ. ಸಾಕ್ಷಿಯ ಚೀಟಿಯನ್ನು ಜಿರಳೆ ತಿಂದಿದೆ. ತರಗತಿಯಲ್ಲಿ ಈಗ ಕಂಪನಿಗಳ ಕಾರುಗಳು ಮಾತ್ರ. ಎರಡು ಕಂಪನಿಯವರೂ ಕೂತು, ಕಾಫಿ ಕುಡಿದು, ಯಾರ ತೂಕ ಎಷ್ಟೆಂದು ಒಪ್ಪಂದ ಮಾಡಿಕೊಳ್ಳುತ್ತಾರೆ. ಸಮತೋಲ ಇಷ್ಟು ಚೆನ್ನಾಗಿ ಎಂದೂ ಇರಲಿಲ್ಲ ಎಂದು ಅಧ್ಯಕ್ಷರು ಭಾಷಣ ಮಾಡುತ್ತಾರೆ. ಹೊರುವವರನ್ನೆಲ್ಲ ಹೊರಗೆ ಹಾಕಿದ ಮೇಲೆ ಸಮತೋಲ ಸುಲಭ. ನಾನು ಹುಟ್ಟಿನಿಂದಲೇ ಭಾರ. ಅದು ನನ್ನ ತಪ್ಪಲ್ಲ. ನನ್ನನ್ನು ಯಾರ ಕಾಲ ಬಳಿ ಇಡಬೇಕೆಂದು ಪಟ್ಟಿ ಬರೆದವರು ಕೈ ತೊಳೆದುಕೊಂಡು ಊಟಕ್ಕೆ ಹೋದರು. ನಾನು ಇಲ್ಲಿ ಕತ್ತಲಲ್ಲಿ ಕೂತು ಇದನ್ನೆಲ್ಲ ನೆನೆಯುತ್ತಿದ್ದೇನೆ.

ವರ್ಷಕ್ಕೊಮ್ಮೆ ಗುಮಾಸ್ತೆ ಕಪಾಟು ತೆರೆದು, ತಿರಸ್ಕರಿಸಿದ ಅರ್ಜಿಗಳನ್ನು ನನ್ನ ಮೇಲೆ ಹಾಕಿ ಹೋಗುತ್ತಾಳೆ. ಮೊನ್ನೆ ಹಾಕುವ ಮುಂಚೆ ಪಕ್ಕದವಳಿಗೆ ಓದಿ ಹೇಳಿದಳು.

"ನೋಡೇ, ಹುಬ್ಬಳ್ಳಿದು ಮತ್ತೆ ಬಂದಿದೆ. ಇದು ನಾಲ್ಕನೇ ವರ್ಷ. ಕಾರ್ ನಂಬರ್ ಇಪ್ಪತ್ತೇಳು, ಚಾಲಕಿ ಶಾಲ್ಮಲಾ ಹೊಂಗಲ."

"ತಯಾರಕರಿಗೆ ಮಾತ್ರ ಅಂತ ಅಷ್ಟು ದಪ್ಪಕ್ಷರದಲ್ಲಿ ಹಾಕಿದ್ದೀವಲ್ಲೇ. ಅವಳಿಗೆ ಓದಕ್ಕೆ ಬರಲ್ವಾ?"

"ಬರತ್ತೆ ಕಣೇ. ತಯಾರಕರು ಅನ್ನೋ ಕಡೆ ಪ್ರತಿ ವರ್ಷ ತುಂಬಿ ಕಳಿಸ್ತಾಳೆ. ದಸ್ತಗೀರಸಾಬ ನದಾಫ, ಗೋಕುಲ ರಸ್ತೆ, ಹುಬ್ಬಳ್ಳಿ."