ಒಂದು ದಿನವೂ ನಿಂತಿಲ್ಲ

ಲಾಂಡ್ರಿಯ ಕೌಂಟರಿನ ಮುಂದೆ ಗಿರಾಕಿಗಳು ಚೀಟಿ ಹಿಡಿದು ನಿಂತಿದ್ದರು. ಕೌಂಟರಿನ ಮೇಲಿನ ಕಂಪ್ಯೂಟರ್ ಮಾತ್ರ ಯಾರ ಹಂಗೂ ಇಲ್ಲದೆ, ತನ್ನ ಪಾಡಿಗೆ ತಾನು ಅಪ್‌ಡೇಟ್ ಆಗುತ್ತಾ ಕುಳಿತಿತ್ತು. ಯಾರ ಬಟ್ಟೆ ಯಾವ ಕೊಕ್ಕೆಯಲ್ಲಿ ನೇತಾಡುತ್ತಿದೆ ಎಂಬುದು ಗೊತ್ತಿದ್ದದ್ದು ಅದಕ್ಕೆ ಮಾತ್ರ. ಒಳಗೆ ಪ್ಲಾಸ್ಟಿಕ್ ಹೊದ್ದ ಕೋಟು, ಪ್ಯಾಂಟು, ಪರದೆಗಳ ನಡುವೆ ಅಂಗಡಿಯ ಯಜಮಾನ, ಅಕ್ಕನ ಗಂಡ ಭಾವ ನುಗ್ಗಿ ಒಂದೊಂದನ್ನೇ ತಿರುಗಿಸಿ ನೋಡುತ್ತಿದ್ದರು. ಇಂಟರ್‌ವ್ಯೂಗೆ ಹೊರಟಿದ್ದ ಒಬ್ಬಾತ ತನ್ನ ಕೋಟಿಗಾಗಿ ತುದಿಗಾಲಲ್ಲಿ ನಿಂತಿದ್ದ. ಅಕ್ಕ ಬೇರೆ ದಾರಿ ಕಾಣದೆ ತಮ್ಮನಿಗೆ ಫೋನ್ ಮಾಡಿದಳು.

"ಏನೂ ಮುಟ್ಟಬೇಡ, ಬಂದೆ," ಎಂದ ತಮ್ಮ.

ಅವನು ಪ್ರೋಗ್ರಾಮರ್. ತಲೆ ಮುಕ್ಕಾಲು ಬೆಳ್ಳಗಾಗಿದೆ. ಆಫೀಸಿನ ಎಳೆಯರು ಬೆನ್ನ ಹಿಂದೆ ಅವನಿಗೆ 'ನಮ್ಮ ಕಾಲದಲ್ಲಿ' ಎಂದು ಹೆಸರಿಟ್ಟಿದ್ದಾರೆ. ಅವನ ಮಾತೆಲ್ಲ ಅಲ್ಲಿಂದಲೇ ಶುರುವಾಗುವುದರಿಂದ ಅವರದೇನೂ ತಪ್ಪಿಲ್ಲ. ಆಪರೇಟಿಂಗ್ ಸಿಸ್ಟಮ್‌ಗಳ ಮೇಲೆ ಅವನಿಗಿರುವಷ್ಟು ಸಿಟ್ಟು ದಾಯಾದಿಗಳ ಮೇಲೂ ಇರಲಿಕ್ಕಿಲ್ಲ. ನಿನ್ನೆ ಇದ್ದ ಬಟನ್ ಇವತ್ತು ಇರುವುದಿಲ್ಲ. ಬರೆದ ಪ್ರೋಗ್ರಾಂ ಸರಿಯಾಗಿಯೇ ಇರುತ್ತದೆ, ಅದರ ಕಾಲ ಕೆಳಗಿನ ನೆಲವನ್ನೇ ಯಾರೋ ಎಳೆದಿರುತ್ತಾರೆ. ಇಷ್ಟು ವರ್ಷ ಅವನು ಬರೆದದ್ದೆಲ್ಲ ಒಂದಲ್ಲ ಒಂದು ಹೊಸ ಆವೃತ್ತಿಯ ಹೊಟ್ಟೆಗೆ ಹೋಗಿತ್ತು. ಉಳಿದಿದ್ದದ್ದು ಒಂದೇ, ಅಕ್ಕನ ಲಾಂಡ್ರಿಗೆಂದು ಬರೆದ ಅವನ ಮೊಟ್ಟಮೊದಲ ಪ್ರೋಗ್ರಾಂ. ಹೋದ ವರ್ಷ ಭಾವ ಅವನಿಗೆ ಒಂದು ಮಾತೂ ಹೇಳದೆ ಹೊಸ ಕಂಪ್ಯೂಟರ್, ರೆಡಿಮೇಡ್ ಸಾಫ್ಟ್‌ವೇರ್ ತಂದು, ಹಳೆಯದನ್ನು ಅಟ್ಟಕ್ಕೇರಿಸಿದ್ದರು. ಆ ನೋವನ್ನು ಅವನು ಯಾರಿಗೂ ಹೇಳಿಕೊಂಡಿರಲಿಲ್ಲ.

ಬಂದವನೇ ಸ್ಕ್ರೀನ್ ನೋಡಿ ಕಿಡಿಕಿಡಿಯಾದ. "ದಯವಿಟ್ಟು ಆಫ್ ಮಾಡಬೇಡಿ ಅಂತೆ! ಅಂಗಡಿ ನಿಮ್ಮದೋ ಇದರದ್ದೋ? ಭಾವ, ಆ ಹಳೇದನ್ನ ಇಳಿಸೋಣ."

ಭಾವ ಅಕ್ಕನ ಮುಖ ನೋಡಿದರು. ಅಕ್ಕ ಇಸ್ತ್ರಿ ಮೇಜಿನ ಕಡೆ ನೋಡಿದಳು.

"ಈಗ ಅದೆಲ್ಲ ಯಾಕೋ? ಇದೇ ಇನ್ನೊಂದು ಸ್ವಲ್ಪ ಹೊತ್ತಿಗೆ ಸರಿಹೋಗುತ್ತೆ," ಎಂದಳು.

"ನಾಳೆ ಮತ್ತೆ ಇದೇ ಕಥೆ ಆಗುತ್ತಲ್ಲ? ನನ್ನ ಪ್ರೋಗ್ರಾಂ ಒಂದು ದಿನಾನಾದ್ರೂ ನಿಂತಿತ್ತಾ? ನೀನೇ ಹೇಳ್ತಿದ್ದೆ."

ಅಕ್ಕ ಮಡಿಸಿಟ್ಟಿದ್ದ ಶರ್ಟನ್ನೇ ಮತ್ತೆ ಮಡಿಸಿದಳು.

ಅಷ್ಟರಲ್ಲಿ ಅಪ್‌ಡೇಟ್ ಮುಗಿಯಿತು, ಕೋಟು ಸಿಕ್ಕಿತು, ಕೋಟಿನವನು ಎದ್ದೆನೋ ಬಿದ್ದೆನೋ ಎಂದು ಓಡಿದ. ತಮ್ಮ ಮಾತ್ರ ಪಟ್ಟು ಬಿಡಲಿಲ್ಲ. ಆಫೀಸಿಗೆ ರಜೆ ಹೇಳಿ, ಏಣಿ ಹತ್ತಿ, ಹಳೆಯ ಪೆಟ್ಟಿಗೆಯನ್ನೂ ಅದರ ಪ್ರಿಂಟರನ್ನೂ ಮಗುವನ್ನು ಎತ್ತಿಕೊಂಡಂತೆ ಎದೆಗವಚಿಕೊಂಡು ಇಳಿಸಿದ. ಧೂಳು ಒರೆಸಿ ಸ್ವಿಚ್ ಹಾಕಿದ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕಪ್ಪು ತೆರೆಯ ಮೇಲೆ ಹಸಿರು ಅಕ್ಷರಗಳು ಬಂದು ನಿಂತವು. ಪಾಸ್‌ವರ್ಡ್ ಕೇಳಲಿಲ್ಲ, ಸ್ವಾಗತ ಹೇಳಲಿಲ್ಲ, ಏನು ಕೆಲಸ ಎಂದಷ್ಟೇ ಕೇಳಿದವು.

"ನೋಡಿದ್ಯಾ?" ಎಂದ ತಮ್ಮ. ಅವನ ಮುಖ ಅರಳಿದ್ದು ನೋಡಿ ಅಕ್ಕನಿಗೆ ಹಳೆಯ ದಿನಗಳು ನೆನಪಾದವು.

ಆ ಪ್ರೋಗ್ರಾಂ ಬರೆದಾಗ ಅವನು ಪರೀಕ್ಷೆಯಲ್ಲಿ ಡುಮ್ಕಿ ಹೊಡೆದು ಮನೆಯಲ್ಲಿ ಕುಳಿತಿದ್ದ. ಅಪ್ಪ ಅವನ ಜೊತೆ ಮಾತು ಬಿಟ್ಟಿದ್ದರು. ಲಾಂಡ್ರಿಯ ಮೂಲೆಯಲ್ಲಿ ಒಂದು ಕುರ್ಚಿ ಕೊಟ್ಟವಳು ಅಕ್ಕ. ಕಲಿಯುತ್ತಾ, ಅಳಿಸುತ್ತಾ ಅವನು ಬರೆದ ಪ್ರೋಗ್ರಾಂ ಮೊದಲ ಚೀಟಿ ಮುದ್ರಿಸಿದ ದಿನ ಅವನು ತಲೆಯೆತ್ತಿ ಮನೆಗೆ ಹೋಗಿದ್ದ. ಮೊದಲ ಕೆಲಸಕ್ಕೆ ಅರ್ಜಿ ಹಾಕಿದಾಗ ಆ ಕಂಪನಿಯವರು ಲಾಂಡ್ರಿಗೇ ಫೋನ್ ಮಾಡಿ ವಿಚಾರಿಸಿದ್ದರು. "ಒಂದು ದಿನವೂ ನಿಂತಿಲ್ಲ ಸಾರ್," ಎಂದಿದ್ದಳು ಅಕ್ಕ. ಕೆಲಸ ಸಿಕ್ಕಿತ್ತು.

ಈಗ ತಮ್ಮ ತಾನೇ ಕೌಂಟರಿನಲ್ಲಿ ಕುಳಿತು ಹೊಸದಾಗಿ ಬಂದ ಬಟ್ಟೆಗಳ ಚೀಟಿ ಮಾಡತೊಡಗಿದ. ಪ್ರಿಂಟರ್ ಕಿರ್ರೋ ಎಂದು ಕಿರುಚುತ್ತಾ ಮುದ್ರಿಸಿತು. ಹೊದಿಕೆ, ಶಾಲು, ಸಮವಸ್ತ್ರ, ಯಾರದೋ ಎಣ್ಣೆ ಕಲೆಯ ಪ್ಯಾಂಟು, ಹೀಗೆ ಎಂಟೊಂಬತ್ತು ಚೀಟಿ ಆಯಿತು. ಅವನ ಉತ್ಸಾಹಕ್ಕೆ ಗಿರಾಕಿಗಳೂ ನಕ್ಕರು. ಅಕ್ಕ ಮಾತ್ರ ಹಿಂದೆಯೇ ಸುಳಿದಾಡುತ್ತಿದ್ದಳು.

"ಸಾಕು ಏಳೋ, ಟೀ ಕುಡ್ಕೊಂಡು ಬಾ. ನಾನು ನೋಡ್ಕೋತೀನಿ."

"ಕೂತಿರ್ತೀನಿ ಬಿಡಕ್ಕ, ಆಸೆಯಾಗ್ತಿದೆ."

ಇನ್ನೆರಡು ಚೀಟಿ ಆಯಿತು. ಮೂರನೆಯದಕ್ಕೆ ಯಂತ್ರ ನಿಂತಿತು. ಯಾವ ಕೀಲಿ ಒತ್ತಿದರೂ ಮಿಸುಕಲಿಲ್ಲ.

"ಧೂಳು ಹೊಕ್ಕಿರಬೇಕು. ಇಷ್ಟು ದಿನ ಅಟ್ಟದ ಮೇಲೆ ಹಾಕಿದ್ರೆ ಇನ್ನೇನಾಗುತ್ತೆ?" ಎಂದು ತಮ್ಮ ಗೊಣಗುತ್ತಿರುವಾಗಲೇ ಅಕ್ಕನ ಎಡಗೈ ಪೆಟ್ಟಿಗೆಯ ಹಿಂದಕ್ಕೆ ಹೋಯಿತು. ಅವಳು ಗಿರಾಕಿಯ ಜೊತೆ ಮಾತಾಡುತ್ತಲೇ ಇದ್ದಳು, ಅತ್ತ ತಿರುಗಿಯೂ ನೋಡಲಿಲ್ಲ. ಕೈ ಸ್ವಿಚ್ ಆರಿಸಿತು, ಬಲಗೈ ಬಟ್ಟೆಯಿಂದ ಕೌಂಟರನ್ನು ಒಂದು ಸಲ ಒರೆಸಿತು, ಎಡಗೈ ಮತ್ತೆ ಸ್ವಿಚ್ ಹಾಕಿತು. ಹಸಿರು ಅಕ್ಷರಗಳು ಬಂದವು. ಆಮೇಲೆ ತಾನೇನು ಮಾಡಿದೆ ಎಂದು ಗೊತ್ತಾಗಿ ಅವಳು ನಾಲಿಗೆ ಕಚ್ಚಿಕೊಂಡಳು.

ತಮ್ಮ ಆ ಕೈಯನ್ನೇ ನೋಡಿದ. ಗಿರಾಕಿ ಹೋದ ಮೇಲೆ ಕುರ್ಚಿಯನ್ನು ಅವಳ ಕಡೆ ತಿರುಗಿಸಿದ.

"ಅಕ್ಕ, ಇದು ಎಷ್ಟು ಸಲ ನಿಲ್ತಿತ್ತು?"

"ಯಾವಾಗಾದ್ರೂ ಒಂದೊಂದ್ಸಲ…"

"ನಿಜ ಹೇಳು."

"ಹತ್ತು ಹನ್ನೆರಡು ಚೀಟಿಗೊಂದ್ಸಲ ಕಣೋ. ಮೊದಲ್ನೇ ದಿನದಿಂದ. ನೀನು ಬರ್ತಿದ್ದೀಯ ಅಂದ್ರೆ ಮುಂಚೇನೇ ಆರಿಸಿ ಹಾಕಿಟ್ಟಿರ್ತಿದ್ದೆ."

ಹಳೆಯ ಪೆಟ್ಟಿಗೆಯಲ್ಲಿ ಅವನು ಬರೆದ ಸಾಲುಗಳು ಹಾಗೇ ಇದ್ದವು. ತೆರೆದು ಓದಿದ. ತಪ್ಪು ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಪ್ರತಿ ಚೀಟಿಗೂ ಒಂದು ಫೈಲ್ ತೆರೆದಿದ್ದ, ಮುಚ್ಚುವುದನ್ನು ಮರೆತಿದ್ದ. ತೆರೆದ ಫೈಲುಗಳನ್ನು ಯಂತ್ರ ಒಂದು ಮಿತಿಯ ತನಕ ತಾಳಿಕೊಂಡು ಆಮೇಲೆ ಕೈಚೆಲ್ಲುತ್ತಿತ್ತು. ಈಗಿನ ಹುಡುಗರು ಇಂಥದ್ದು ಬರೆದಿದ್ದರೆ ಅವನು ಇಡೀ ದಿನ ಉಪದೇಶ ಮಾಡುತ್ತಿದ್ದ.

"ಒಂದೇ ಸಾಲು," ಎಂದ. ಅವನ ದನಿ ಸಣ್ಣದಾಗಿತ್ತು. "ಒಂದು ಮಾತು ಹೇಳಿದ್ರೆ ಆವತ್ತೇ ಸರಿ ಮಾಡ್ತಿದ್ದೆ."

"ಒಂದೇ ಸಾಲಾ!" ಅಕ್ಕನಿಗೆ ನಗು ತಡೆಯಲಾಗಲಿಲ್ಲ. "ಇಷ್ಟು ವರ್ಷ ಒಂದು ಸಾಲಿಗೋಸ್ಕರ ಈ ಕೌಂಟರ್ ಒರೆಸ್ದೆನಾ ನಾನು?" ನಕ್ಕು ನಕ್ಕು ಕಣ್ಣೊರೆಸಿಕೊಂಡು ಅವನ ಪಕ್ಕ ಕುಳಿತಳು. "ಆವತ್ತು ನೀನಿದ್ದ ಸ್ಥಿತೀಲಿ, ಇದು ಕೆಟ್ಟಿದೆ ಅಂದಿದ್ರೆ ಸರಿ ಮಾಡ್ತಿದ್ಯಾ? ಇನ್ನೊಂದು ಬರೀತಿದ್ಯಾ?"

ತಮ್ಮ ಸುಳ್ಳು ಹೇಳಬೇಕೆಂದುಕೊಂಡ. ಆದರೆ ಆ ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದ ಹುಡುಗ ಅವನಿಗೆ ಚೆನ್ನಾಗಿ ನೆನಪಿದ್ದ. ಕೆಟ್ಟಿದೆ ಎಂದಿದ್ದರೆ ಆ ಹುಡುಗ ಎದ್ದು ಹೋಗಿಬಿಡುತ್ತಿದ್ದ.

"ಇಲ್ಲ ಅಕ್ಕ, ಬರೀತಿರಲಿಲ್ಲ," ಎಂದ. ಕೀಬೋರ್ಡ್ ಎಳೆದುಕೊಂಡು ಬಿಟ್ಟುಹೋಗಿದ್ದ ಸಾಲನ್ನು ಬರೆದ. "ಈಗ ನಿಲ್ಲಲ್ಲ. ಇದನ್ನೇ ಇಟ್ಕೋತೀಯಾ?"

"ಬೇಡ ಕಣೋ. ಹೊಸದೇ ಇರ್ಲಿ."

"ದಿನಾ ಕೈಕೊಡುತ್ತಲ್ಲ ಅದು?"

"ಕೊಡ್ಲಿ ಬಿಡು. ಅದನ್ನ ಬಾಯಿ ತುಂಬಾ ಬೈತೀನಿ," ಎಂದಳು ಅಕ್ಕ. "ಅದನ್ನ ಬರೆದೋನು ನನ್ನ ತಮ್ಮ ಅಲ್ವಲ್ಲ."