ಗೆರೆಯಿಲ್ಲದ ಚುಕ್ಕೆಗಳು

ಕೈಪಿಡಿ ಬರೆಯುವವಳ ಹತ್ತಿರ ಪಾಸ್‌ವರ್ಡ್ ಇರಲಿಲ್ಲ. ಯಾವ ಸಾಫ್ಟ್‌ವೇರ್ ಬಗ್ಗೆ ಬರೆಯಬೇಕಿತ್ತೋ ಅದನ್ನು ಒಮ್ಮೆಯೂ ಓಡಿಸಿ ನೋಡದೆ ಬರೆಯಬೇಕಿತ್ತು.

ನೆರೆ ಇಳಿದ ಮೇಲೆ ತೆರೆದ ಕಚೇರಿ ಅದು. ಕೆಳಗೆ ಕುರ್ಚಿ ಮೇಜಿನ ಅಂಗಡಿ, ಮೇಲೆ ಇವರು. ದಿಕ್ಕಾಪಾಲಾದ ಕುಟುಂಬಗಳನ್ನು ಹುಡುಕಿ ಸೇರಿಸುವುದು ಕೆಲಸ. ಶಿಬಿರಗಳಿಂದ ಬಂದ ವಿವರವೆಲ್ಲ ಒಂದು ಗ್ರಾಫ್ ಡೇಟಾಬೇಸಿನಲ್ಲಿತ್ತು. ಅದರಲ್ಲಿ ಪ್ರತಿ ಮನುಷ್ಯ ಒಂದು ಚುಕ್ಕೆ, ಒಬ್ಬರಿಗೂ ಇನ್ನೊಬ್ಬರಿಗೂ ಇರುವ ನಂಟು ಒಂದು ಗೆರೆ. ತಾಯಿ, ಸೋದರತ್ತೆ, ಷಡ್ಡಕ, ಎಲ್ಲಕ್ಕೂ ಗೆರೆ. ಇನ್ನು ಮೇಲೆ ಇದರಲ್ಲಿ ಹುಡುಕುವವು ಹೇಳಿದ ಕೆಲಸವನ್ನು ತಾವೇ ಮಾಡುವ ಎಐ ಏಜೆಂಟ್‌ಗಳು. ಅವು ಮೊದಲು ಕೈಪಿಡಿ ಓದುತ್ತವೆ, ಅದು ಹೇಳಿದ ಹಾಗೆ ಡೇಟಾಬೇಸಿಗೆ ಪ್ರಶ್ನೆ ಹಾಕುತ್ತವೆ.

ಇದನ್ನೆಲ್ಲ ಕಟ್ಟಿದ ಇಂಜಿನಿಯರನ್ನು ಎಲ್ಲರೂ ಗಡಿಬಿಡಿ ಎನ್ನುತ್ತಿದ್ದರು. ಮೊದಲು ಚಪ್ಪಲಿ ಮಾರುವ ಕಂಪನಿಯಲ್ಲಿದ್ದವನು. ಕೈಪಿಡಿಗೆ ಬೇಕಾದ ಉದಾಹರಣೆಗಳನ್ನು ಅಲ್ಲಿಂದಲೇ ತಂದಿದ್ದ. ಕೊನೆಯ ಉದಾಹರಣೆ ಡೇಟಾಬೇಸ್ ಚೊಕ್ಕಟ ಮಾಡುವುದಕ್ಕೆ: ಗೆರೆಯೇ ಇಲ್ಲದ ಚುಕ್ಕೆಗಳನ್ನು ಹುಡುಕು, ಅಳಿಸು.

"ಇದು ಬೇಡ ಕಣೋ," ಅಂದಳು ಕೈಪಿಡಿಯವಳು.

"ಯಾಕೆ? ಪರೀಕ್ಷೆಗೆ ಅಂತ ಹಾಕಿದ ಖಾಲಿ ಚುಕ್ಕೆ ರಾಶಿ ಬಿದ್ದಿದೆ. ಅವನ್ನ ತೆಗೀಬೇಡ್ವಾ?"

"ನಂಟರು ಸಿಗದವರಿಗೂ ಗೆರೆ ಇರಲ್ಲ."

"ನಂಟರಿಲ್ಲದವರೂ ಇರ್ತಾರಾ? ನನಗೆ ನಾಲ್ಕು ಜನ ಭಾವಂದಿರು. ಬೇಕಾದ್ರೆ ಇಬ್ಬರನ್ನ ಕೊಡ್ತೀನಿ, ಹಂಚಿಬಿಡು."

"ಹಲ್ಲು ಕಿರೀಬೇಡ. ನಾನು ಒಂದು ಎಚ್ಚರಿಕೆ ಹಾಕ್ತೀನಿ."

"ಹಾಕ್ಕೋ. ಕೈಪಿಡಿ ಮಾತ್ರ ಒಂದು ಪುಟ ದಾಟಬಾರದು. ಉದ್ದ ಓದಿಸಿದ್ರೆ ಏಜೆಂಟು ಮಧ್ಯದ್ದೆಲ್ಲ ಮರೆತು ಕೊನೇ ಮಾತು ಹಿಡ್ಕೊಳ್ಳತ್ತೆ, ನಮ್ಮತ್ತೆ ಥರ."

ಅವಳು ಎಚ್ಚರಿಕೆ ಹಾಕಿದಳು: ಶಿಬಿರದಿಂದ ಬಂದ ಚುಕ್ಕೆಗಳನ್ನು, ಗೆರೆ ಇಲ್ಲದಿದ್ದರೂ, ಮುಟ್ಟಕೂಡದು.

ಆ ವಾರವೂ ಟೈಲರ್ ಹೆಂಗಸು ಬಂದಳು. ತನ್ನ ಹೊಲಿಗೆ ಅಂಗಡಿಯಿಂದ ನೇರ ಬರುವವಳು, ಅಳತೆ ಟೇಪು ಕೊರಳಲ್ಲೇ ಇರುತ್ತಿತ್ತು. ಅವಳ ತಾಯಿ ನೆರೆಯಲ್ಲಿ ಕಾಣೆಯಾಗಿದ್ದಳು.

"ಏನ್ ತಂಗೀ, ಬಂತಾ ನಿಮ್ಮ ಏಜೆಂಟು?"

"ಸೋಮವಾರದಿಂದ ಅಕ್ಕ. ಇನ್ನು ಹೆಸರೇ ಬೇಕು ಅಂತಿಲ್ಲ. ಗುರುತು ಹೇಳಿದ್ರೂ ಹುಡುಕತ್ತೆ."

"ಅಷ್ಟಾದ್ರೆ ಸಾಕು. ಹೋದ ಸಲ ಹೆಸರು ಹೆಸರು ಅಂತ ಜೀವ ತಿಂದ್ರು. ಲಕ್ವ ಹೊಡೆದು ಮಾತು ಹೋದೋಳು ಶಿಬಿರದಲ್ಲಿ ಹೆಸರು ಎಲ್ಲಿಂದ ಹೇಳ್ತಾಳೆ? ಮಾತಿದ್ದಾಗ ಬಾಯಿ ಮುಚ್ಚಿಸೋಕೆ ಆಗ್ತಿರಲಿಲ್ಲ. ಎಡಗಿವಿ ಹರಿದಿದೆ ಅಂತ ಹಾಕಮ್ಮ."

ಶುಕ್ರವಾರ ಸಂಜೆ ನೋಡಿದರೆ ಕೈಪಿಡಿ ಪುಟ ದಾಟಿ ಎರಡು ಸಾಲು ಹೆಚ್ಚಾಗಿತ್ತು. ಮೇಲಿಂದ ಕೆಳಗೆ ಓದಿದಳು. ಹುಡುಕುವ ಕ್ರಮ ತೆಗೆಯುವಂತಿರಲಿಲ್ಲ, ಉದಾಹರಣೆ ತೆಗೆದರೆ ಗಡಿಬಿಡಿ ಮತ್ತೆ ತಂದು ಸೇರಿಸುತ್ತಾನೆ. ಎಚ್ಚರಿಕೆ ಸರಿಯಾಗಿ ಎರಡು ಸಾಲಿತ್ತು. ತಲೆಯಿರುವ ಯಾರಿಗಾದರೂ ಗೊತ್ತಾಗುವ ಮಾತು, ಹೇಳದಿದ್ದರೂ ನಡೆಯುತ್ತೆ ಅನ್ನಿಸಿತು. ತೆಗೆದಳು. ಓದುವವರಲ್ಲಿ ಮನುಷ್ಯರೇ ಇಲ್ಲ ಎಂಬುದು ಆ ಹೊತ್ತಿಗೆ ಹೊಳೆಯಲಿಲ್ಲ. ಇಷ್ಟು ವರ್ಷ ಮನುಷ್ಯರಿಗೇ ಬರೆದು ಕೈ ಪಳಗಿತ್ತು.

ಬುಧವಾರ ಮೇಲಧಿಕಾರಿ ಏಜೆಂಟಿಗೆ ಒಂದು ಕೆಲಸ ಹೇಳಿದ: ವರದಿ ಕೊಡುವ ಮೊದಲು ಡೇಟಾಬೇಸ್ ಚೊಕ್ಕಟ ಮಾಡು. ಏಜೆಂಟ್ ಕೈಪಿಡಿ ಓದಿತು. ಕೊನೆಯ ಉದಾಹರಣೆಯನ್ನು ಇದ್ದ ಹಾಗೇ ಓಡಿಸಿತು. ಕೆಲಸ ಮುಗಿದಿದೆ ಎಂದು ವಿನಯದಿಂದ ತಿಳಿಸಿತು. ಮೇಲಧಿಕಾರಿ ಎಲ್ಲರೆದುರು ಗಡಿಬಿಡಿಯ ಬೆನ್ನು ತಟ್ಟಿದ.

ಮರುದಿನ ಟೈಲರ್ ಬಂದಾಗ ಏಜೆಂಟ್ ಗುರುತುಗಳನ್ನೆಲ್ಲ ತೆಗೆದುಕೊಂಡು, ಅಂಥವರು ಯಾರೂ ಇಲ್ಲ ಅಂದಿತು. ಕೈಪಿಡಿಯವಳಿಗೆ ಸಮಾಧಾನವಾಗಲಿಲ್ಲ. ನದಿಯ ಹತ್ತಿರದ ಶಿಬಿರದಲ್ಲಿದ್ದ ನರ್ಸಿಗೆ ಫೋನ್ ಮಾಡಿದಳು.

"ಹರಿದ ಕಿವಿ ಅಜ್ಜಿನಾ? ಇದ್ರಲ್ಲ!" ಅಂದಳು ನರ್ಸ್. "ನಾನೇ ಎಂಟ್ರಿ ಮಾಡಿದ್ದು, ಹೋದ ವಾರ, ಹೆಸರು ನಂಟರು ಏನೂ ಗೊತ್ತಿಲ್ಲದೆ. ಶಿಬಿರ ಮುಚ್ಚಿದಾಗ ಎಲ್ಲರನ್ನೂ ಬೇರೆ ಬೇರೆ ಬಸ್ಸಿಗೆ ಹತ್ತಿಸಿದ್ರು. ಅವರು ಎಲ್ಲಿಗೆ ಹೋದ್ರು ಅಂತ ನನಗೀಗ ನೆನಪಿಲ್ಲ, ಬೇರೆ ಬರೆದಿಟ್ಟೂ ಇಲ್ಲ. ನಿಮ್ಮ ಕಂಪ್ಯೂಟರಲ್ಲೇ ಹಾಕಿದೀನಿ, ನೋಡಿ."

ಫೋನ್ ಇಟ್ಟಳು. ನಿನ್ನೆ ಏಜೆಂಟ್ ಚೊಕ್ಕಟ ಮಾಡಿದ್ದು, ತಾನು ತೆಗೆದ ಎರಡು ಸಾಲು ನೆನಪಾದವು. ಟೈಲರ್ ಅವಳ ಮುಖವನ್ನೇ ನೋಡುತ್ತಿದ್ದಳು.

"ಏನಂತೆ?"

"ಇದ್ದರಂತೆ ಅಕ್ಕ."

"ಇದ್ದರಂತೆ ಅಂದ್ರೆ? ಹೋಗಿಬಿಟ್ಟಳಾ?"

"ಇಲ್ಲ ಇಲ್ಲ. ಎಲ್ಲಿಗೆ ಕಳಿಸಿದ್ರು ಅನ್ನೋದು ನಮ್ಮ ಹತ್ರ ಇತ್ತು. ಅಳಿಸಿಹೋಗಿದೆ."

"ಯಾರು ಅಳಿಸಿದ್ದು?"

"ಏಜೆಂಟು," ಅಂದಳು. "ನಾನು ಬರೆದದ್ದನ್ನ ಓದಿ."

ಟೈಲರ್ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಬಸ್ಸಿನವರನ್ನ ಕೇಳ್ತೀನಿ," ಅಂದಳು. "ಮಾತಾಡದ ಮುದುಕಿಯನ್ನ ಯಾರು ನೆನಪಿಟ್ಕೊಂಡಿರ್ತಾರೋ ಏನೋ." ಮೆಟ್ಟಿಲಿಳಿದು ಹೋದಳು.

ಗಡಿಬಿಡಿ ಅವತ್ತು ಒಂದೂ ಜೋಕು ಹೊಡೆಯಲಿಲ್ಲ. ಡೇಟಾಬೇಸಿನ ಹಳೆಯ ಪ್ರತಿ ಒಂದೇ ಒಂದಿತ್ತು, ಅದೂ ತಿಂಗಳ ಹಿಂದಿನದು. ಆಮೇಲೆ ಸೇರಿದವರು ಅದರಲ್ಲಿ ಇರಲಿಲ್ಲ. ಇಬ್ಬರೂ ಕೂತು ಸಿಕ್ಕಷ್ಟನ್ನು ವಾಪಸ್ ತುಂಬಿದರು.

ಅಳಿಸಿಹೋದ ಚುಕ್ಕೆಗಳಲ್ಲಿ ಶಿಬಿರದಿಂದ ಬಂದವರು ಐವತ್ತಾರು ಜನ. ಹದಿನೇಳು ಜನ ಹಳೆಯ ಪ್ರತಿಯಲ್ಲಿ ಸಿಕ್ಕರು. ಮೂವತ್ತೊಂಬತ್ತು ಜನ ಸಿಗಲಿಲ್ಲ.