ಪಬ್ಲಿಷ್ ಅಂದರೆ ಏನು ಅಂತ ಯಾರೂ ಹೇಳಿರಲಿಲ್ಲ

ಎಲ್ಲಿಂದ ಶುರು ಮಾಡುವುದು? 'ಡೊಮೇನ್ ಎಂದರೆ ಅಂತರ್ಜಾಲದಲ್ಲಿ ನಿಮ್ಮ ವಿಳಾಸ' ಎಂದು ಶುರುಮಾಡಿದರೆ ಓದುಗರು ಎರಡನೇ ಸಾಲಿಗೇ ಆಕಳಿಸುತ್ತಾರೆ. 'ಫೋನು ಹಿಡಿದ ಚಿಕ್ಕಮ್ಮ ನಿಂತಲ್ಲೇ ಕಲ್ಲಾದಳು' ಎಂದು ಶುರುಮಾಡಿದರೆ ಧಾರಾವಾಹಿಯಾಗುತ್ತದೆ. (ಕಥೆಗಾರ ಎರಡನ್ನೂ ಹೊಡೆದುಹಾಕಿದ್ದಾನೆ. ನೀವು ಆಗಲೇ ಓದಿಬಿಟ್ಟಿದ್ದರೆ ಅವನೇನೂ ಮಾಡಲಾರ.)

೧

ಪುಟ್ಟಿಗೆ ವೆಬ್‌ಸೈಟ್ ಕಟ್ಟುವುದೇ ಕಸುಬು. ಮೂವತ್ತು ದಾಟಿದರೂ ಮನೆಮಂದಿಗೆಲ್ಲ ಅವಳು ಪುಟ್ಟಿಯೇ. ಅವಳ ಚಿಕ್ಕಪ್ಪ ಚಿಕ್ಕಮ್ಮನದು ಬೇಕರಿ: ಒಳಗೆ ಓವನ್ ಮುಂದೆ ಚಿಕ್ಕಪ್ಪ, ಹೊರಗೆ ಗಲ್ಲಾದಲ್ಲಿ ಚಿಕ್ಕಮ್ಮ. ಬೇಕರಿಗೊಂದು ವೆಬ್‌ಸೈಟ್ ಬೇಕು, ಅದನ್ನು ನಡೆಸುವುದನ್ನು ತಾನೇ ಕಲಿಯಬೇಕು ಎಂದು ಚಿಕ್ಕಪ್ಪ ಹಟ ಹಿಡಿದ. ಭಾನುವಾರ ಮಧ್ಯಾಹ್ನ, ಹಿಟ್ಟು ಕಲಸುವ ಮೇಜು ಒರೆಸಿ ಲ್ಯಾಪ್‌ಟಾಪ್ ಇಟ್ಟರು.

"ಡೊಮೇನ್ ಅಂದ್ರೆ ಅಂಗಡಿ ಬೋರ್ಡು, ಚಿಕ್ಕಪ್ಪ. ಹೋಸ್ಟಿಂಗ್ ಅಂದ್ರೆ ಅಂಗಡಿ ಇರೋ ಜಾಗ. ಬಾಡಿಗೆಗೆ ತಗೋಬೇಕು."

"ಅಲ್ಲೂ ಇದೇ ಗೋಳಾ! ಲಿಂಕ್ ಅಂದ್ರೆ?"

"ಒಂದು ಕೋಣೆಯಿಂದ ಇನ್ನೊಂದಕ್ಕೆ ಬಾಗಿಲು. ಡ್ರಾಫ್ಟ್ ಅಂದ್ರೆ ಇನ್ನೂ ಓವನ್‌ಗೆ ಹೋಗದ ಹಿಟ್ಟು. ಏನು ಬೇಕಾದ್ರೂ ಬರೀರಿ, ಯಾರಿಗೂ ಕಾಣಲ್ಲ."

"ಈ ಹಸಿರು ಬಟನ್ನು? ಪಬ್ಲಿಷ್ ಅಂತಿದೆ."

ಅಷ್ಟರಲ್ಲಿ ಪುಟ್ಟಿಯ ಫೋನು ಹೊಡೆದುಕೊಂಡಿತು. ತನ್ನ ಸೈಟ್ ತೆರೆಯುತ್ತಿಲ್ಲವೆಂದು ಯಾವನೋ ಗಿರಾಕಿ ಕಿರುಚಾಡುತ್ತಿದ್ದ. "ಅದು ಆಮೇಲೆ ಚಿಕ್ಕಪ್ಪ. 'ನಮ್ಮ ಬಗ್ಗೆ' ಅನ್ನೋ ಪುಟದಲ್ಲಿ ಏನಾದ್ರೂ ಬರೆದು ರೂಢಿ ಮಾಡ್ಕೊಳ್ಳಿ," ಎನ್ನುತ್ತ ಹಿತ್ತಲಿಗೆ ಹೋದಳು.

೨

(ಇಲ್ಲಿ ಸರ್ವರ್ ಬಗ್ಗೆ ಒಂದು ಪುಟವಿತ್ತು. "ಇದೆಲ್ಲ ಯಾರಿಗೆ ಬೇಕಪ್ಪ, ಮುಂದೇನಾಯ್ತು ಹೇಳು," ಎಂದು ಚಿಕ್ಕಮ್ಮ ಕಥೆಗಾರನನ್ನು ಗದರಿದ್ದರಿಂದ ಹರಿದುಹಾಕಲಾಗಿದೆ.)

ಪುಟ್ಟಿ ಬೆಳಿಗ್ಗೆಯೇ ತೆರೆದಿಟ್ಟಿದ್ದ ಆ ಸೈಟನ್ನು ಚಿಕ್ಕಮ್ಮ ಆಗಿನಿಂದ ಫೋನಿನಲ್ಲಿ ತೆರೆದು ನೋಡುತ್ತಲೇ ಇದ್ದಳು. ಮೇಲೆ ಬೇಕರಿಯ ಹೆಸರು, ಕೆಳಗೆಲ್ಲ ಖಾಲಿ. ಆದರೂ ಮಗು ಹುಟ್ಟಿದಷ್ಟು ಸಂಭ್ರಮ. ("ಮಗು ಗಿಗು ಏನಿಲ್ಲ. ಖುಷಿಯಾಗಿತ್ತು ಅಂತ ಬರಿ, ಸಾಕು.") ಸರಿ, ಖುಷಿಯಾಗಿತ್ತು. ಮತ್ತೊಮ್ಮೆ ತೆರೆದಳು. ಈ ಸಲ ಪುಟ ಖಾಲಿಯಿರಲಿಲ್ಲ.

"ಎರಡು ವರ್ಷದಿಂದ ನನ್ನ ಮೂಗು ಸತ್ತಿದೆ. ಆ ಜ್ವರ ಬಂದುಹೋದ ಮೇಲೆ ಯಾವ ವಾಸನೆಯೂ ತಿಳಿಯುತ್ತಿಲ್ಲ. ಬ್ರೆಡ್ ಬೆಂದಿತೋ ಸೀದಿತೋ ಗೊತ್ತಾಗುವುದಿಲ್ಲ. ಗ್ಯಾಸ್ ಸೋರಿದರೂ ಗೊತ್ತಾಗುವುದಿಲ್ಲ. ಇವಳಿಗೆ ಹೇಳಿಲ್ಲ. ಹೇಳಿದರೆ ಓವನ್ ಮುಟ್ಟಲು ಬಿಡುವುದಿಲ್ಲ."

ಪುಟ್ಟಿ ಹಿತ್ತಲಿನಿಂದ ಬರುವ ಹೊತ್ತಿಗೆ ಚಿಕ್ಕಮ್ಮ ಫೋನು ಹಿಡಿದು ಮೇಜಿನ ಪಕ್ಕ ನಿಂತಿದ್ದಳು. ಚಿಕ್ಕಪ್ಪನ ಮುಖ ಮೈದಾ ಬಣ್ಣಕ್ಕೆ ತಿರುಗಿತ್ತು.

"ಯಾರಿಗೂ ಕಾಣಲ್ಲ ಅಂದಿದ್ಯಲ್ಲೇ ಪುಟ್ಟಿ?"

ಪುಟ್ಟಿ ಲ್ಯಾಪ್‌ಟಾಪ್ ಕಡೆ ಬಗ್ಗಿದಳು. "ಆ ಹಸಿರು ಬಟನ್ ಒತ್ತಿದ್ರಾ?"

"ಬರೆದಾದ ಮೇಲೆ ಅದೊಂದೇ ಹೊಳೀತಿತ್ತು. ಒತ್ತಿದೆ."

ಚಿಕ್ಕಮ್ಮ ಕೂಗಾಡಲಿಲ್ಲ. (ಕಥೆಗಾರ ಅವಳ ಕೈಗೆ ಲಟ್ಟಣಿಗೆ ಕೊಟ್ಟು ನೋಡಿದ. ಅವಳು ಅದನ್ನು ಮೆಲ್ಲಗೆ ಕೆಳಗಿಟ್ಟಳು.)

"ದಿನಾ ಬೆಳಿಗ್ಗೆ ಮೊದಲನೇ ಬ್ರೆಡ್ ತೆಗೆದಾಗ ನನ್ನ ಕರೀತಿದ್ರಿ," ಎಂದಳು. "'ಬಾರೇ, ಘಮ ಹೇಗಿದೆ ನೋಡು' ಅಂತ. ಎರಡು ವರ್ಷದಿಂದ. ಅದಕ್ಕೆ ಮುಂಚೆ ಒಂದಿನಾನೂ ಕರೆದೋರಲ್ಲ. ಈ ವಯಸ್ಸಲ್ಲಿ ಪ್ರೀತಿ ಉಕ್ಕಿದೆ ಅಂದ್ಕೊಂಡಿದ್ದೆ."

ಪುಟ್ಟಿ ಲ್ಯಾಪ್‌ಟಾಪ್ ತನ್ನತ್ತ ಎಳೆದುಕೊಂಡಳು. "ಚಿಕ್ಕಮ್ಮ, ಈಗಲೇ ಡಿಲೀಟ್ ಮಾಡ್ತೀನಿ."

"ಹಾಗಂದ್ರೆ?"

"ಅಳಿಸೋದು."

"ನಾನು ಓದಿದ್ದನ್ನ ಅಳಿಸೋಕಾಗತ್ತಾ?"

ಪುಟ್ಟಿ ಡಿಲೀಟ್ ಬಟನ್‌ನಿಂದ ಬೆರಳು ಹಿಂದೆಗೆದಳು.

"ಇರಲಿ ಬಿಡು. ನನಗೆ ಹೇಳದ್ದನ್ನ ಲೋಕಕ್ಕೆ ಹೇಳಿದ್ದಾರೆ. ಓದ್ಲಿ."

೩ (ಅಥವಾ ೭, ನಡುವಿನವು ಸರಿಬರಲಿಲ್ಲ)

ಮುಕ್ತಾಯ ಒಂದು: ಚಿಕ್ಕಪ್ಪ ಕ್ಷಮೆ ಕೇಳಿದ, ಚಿಕ್ಕಮ್ಮ ನಕ್ಕುಬಿಟ್ಟಳು.

"ನಗೋಕೆ ನನಗೇನು ಹುಚ್ಚಾ?" ಎಂದು ಚಿಕ್ಕಮ್ಮ ಕಥೆಗಾರನ ಮೇಲೆ ಹರಿಹಾಯ್ದಳು.

ಮುಕ್ತಾಯ ಎರಡು: ಬೇಕರಿಗೆ ಬೀಗ ಬಿತ್ತು.

"ನಾನೇನು ಮಾಡ್ಲಿ ಆಮೇಲೆ, ನಿನ್ನ ಕಥೇಲಿ ಕೂತು ನೊಣ ಹೊಡೀಲಾ?" ಇದು ಚಿಕ್ಕಪ್ಪ.

ಹಾಗಾಗಿ ಪುಟ್ಟಿ ಕಂಡದ್ದನ್ನಷ್ಟೇ ಬರೆಯಬೇಕು. ಮಾರನೆಯ ಬೆಳಿಗ್ಗೆ, ಮನಸ್ಸು ತಡೆಯದೆ ಅವಳು ಬೇಕರಿಗೆ ಬಂದಳು. ಬಾಗಿಲು ಒಳಗಿನಿಂದ ಹಾಕಿತ್ತು. ಗಾಜಿನಲ್ಲಿ ಇಣುಕಿದಳು. ಚಿಕ್ಕಪ್ಪ ಬೆಂಕಿಪೆಟ್ಟಿಗೆ ಹಿಡಿದು ಓವನ್ ಮುಂದೆ ನಿಂತಿದ್ದ. ಯಾರನ್ನೂ ಕರೆಯಲಿಲ್ಲ, ಕರೆಯಲು ಅವನಿಗೆ ಮುಖವಿರಲಿಲ್ಲ. ಚಿಕ್ಕಮ್ಮ ಗಲ್ಲಾದಿಂದ ಎದ್ದು ತಾನಾಗಿಯೇ ಒಳಗೆ ಬಂದು ಪಕ್ಕದಲ್ಲಿ ನಿಂತಳು. ಅವನು ಕಡ್ಡಿ ಗೀರಲು ಕೈಯೆತ್ತಿದ. ಅವಳು ಥಟ್ಟನೆ ಅವನ ಮಣಿಕಟ್ಟು ಹಿಡಿದಳು.

ಗ್ಯಾಸ್ ಸೋರುತ್ತಿತ್ತೇ? ಇಲ್ಲಾ, ಬರೀ ಹಿಡಿದುಕೊಳ್ಳಬೇಕು ಅನ್ನಿಸಿತೇ? ಗಾಜಿನ ಈಚೆಗೆ ವಾಸನೆಯೂ ಬರುವುದಿಲ್ಲ, ಮಾತೂ ಕೇಳಿಸುವುದಿಲ್ಲ. ಪುಟ್ಟಿ ಬಾಗಿಲು ಬಡಿಯುತ್ತಿದ್ದಾಳೆ. ಓದುಗರೇ, ಕಥೆಗಾರನೂ ಬೀದಿಯಲ್ಲೇ ಇದ್ದಾನೆ. ಅವರು ಅವನನ್ನೂ ಒಳಗೆ ಬಿಡುತ್ತಿಲ್ಲ. ಕಡ್ಡಿ ಚಿಕ್ಕಪ್ಪನ ಕೈಯಲ್ಲೇ ಇದೆ. ಚಿಕ್ಕಮ್ಮ ಹಿಡಿದ ಕೈ ಇನ್ನೂ ಬಿಟ್ಟಿಲ್ಲ.